ಕುತ್ತಿಗೆ ನಿಲ್ಲುವ ತನಕ

ಹಳೆಯ ಆಟದಲ್ಲಿ ಕೂಸು ಬೇರೆ, ತೊಟ್ಟಿಲು ಬೇರೆ ಅಲ್ಲ.
ಎರಡೂ ಒಂದೇ ಸಾಮಾನು, ಬೀರು ಕುರ್ಚಿಗಳ ಪಟ್ಟಿಯಲ್ಲಿ.
ಇಬ್ಬರು ಚಾದರದೊಳಗೆ ಹೋದರೆ ಗುಲಾಬಿ ಗುಳ್ಳೆ ಏಳುತ್ತವೆ.
ಮೂರನೇ ದಿನ ಹೆಂಗಸು ನಿಂತಲ್ಲೇ ಗಿರ್ರನೆ ತಿರುಗಿ
ಕೈಯಲ್ಲೊಂದು ಗಂಟು ಹಿಡಿದು ನಗುತ್ತಾಳೆ.
ವಾರ ಕಳೆದರೆ ಗಂಟು ಎದ್ದು ಸಾಲೆಗೆ ಹೋಗುತ್ತದೆ.

ಖರಾಡಿಯ ಒಂಬತ್ತನೇ ಮಹಡಿಯಲ್ಲಿ ಪೋಂಕ್ಷೆ ಹೇಳಿದ:
"ಮೂರೇ ತಿಂಗಳಿಗೆ ರಜೆ ಮುರಿದು ಬಂದವಳು ನೀನು,
ಇದನ್ನಷ್ಟು ನಿಜ ಮಾಡಿಬಿಡು."
ಉಪ್ಪು ಹಾಕಿಬಿಡು ಅಂದ ಹಾಗೆ.

ಮೊದಲು ಕುತ್ತಿಗೆ ಸಡಿಲಿಸಿದೆ.
ನಾಲ್ಕು ತಿಂಗಳು ಅದು ನಿಲ್ಲಬಾರದು,
ಎತ್ತುವವರ ಅಂಗೈ ತಾನಾಗಿ ಹಿಂದಲೆಗೆ ಹೋಗಬೇಕು.
ಆಮೇಲೆ, ಹೆಗಲ ಮೇಲೆ ಕೂಸಿದ್ದರೆ ಒಂದೇ ಕೈ:
ಒಂದೇ ಕೈಲಿ ಚಪಾತಿ, ಒಂದೇ ಕೈಲಿ ಚಿಲಕ,
ಒಂದೇ ಕೈಲಿ ಸಲ್ವಾರಿನ ಲಾಡಿ.
ಅನಿಮೇಶನ್ನಿನ ಹುಡುಗ ಎಣಿಸಿ ತೋರಿಸಿದ,
ಇನ್ನೂರ ಹನ್ನೆರಡು ಕೆಲಸ ಹೊಸದಾಗಿ ಕಲಿಸಬೇಕು.
ನನಗ್ಯಾರೂ ಕಲಿಸಲಿಲ್ಲ ಅಂದೆ.
ಅವನಿಗೆ ಮದುವೆ ಗೊತ್ತಾಗಿದೆ. ಹೆದರಿಕೊಂಡು ಹೋದ.

ಗಂಡಾಳಿನ ನಿದ್ದೆ ಆಳ ಎಂಬ ಸಾಲು ನನ್ನದಲ್ಲ.
ಮೊದಲಿಂದಲೂ ಇತ್ತು. ಯಾರಿಟ್ಟರೋ. ಯಾರೂ ಅಳಿಸಿಲ್ಲ.

ಸಂಜೆಯ ಅಳು, ಐದರಿಂದ ಎಂಟು, ಕಾರಣವಿಲ್ಲದೆ:
ಅದನ್ನು ಬರೆಯುವಾಗ ಸಭೆಯ ಕೋಣೆಯ ಬಾಗಿಲು ಹಾಕಿ
ಹಾಲು ಹಿಂಡುವ ಯಂತ್ರ ಹಚ್ಚಿದ್ದೆ.
ತಗೋ ತಗೋ ತಗೋ ಅನ್ನುತ್ತಿತ್ತು ಅದು,
ತಗೊಳ್ಳುವ ಬಾಯಿ ವಾರ್ಜೆಯಲ್ಲಿ.

ಮರುದಿನ ಪರೀಕ್ಷೆಯ ತೌಫೀಕ್ ದೋಷ ದಾಖಲಿಸಿದ:
"ಹಾಲು ಕೊಟ್ಟೆ. ಬಟ್ಟೆ ಬದಲಿಸಿದೆ. ತೇಗಿಸಿದೆ.
ಎಲ್ಲ ಪಟ್ಟಿ ಹಸಿರು. ಆದರೂ ಅಳು. ಕಾರಣ ತೋರಿಸುತ್ತಿಲ್ಲ."
ದೋಷವಲ್ಲ ಎಂದು ಬರೆದು ಮುಚ್ಚಿದೆ.
ಮತ್ತೆ ತೆರೆದ: "ಹಾಗಾದರೆ ಆಡುವವನು ಏನು ಮಾಡಬೇಕು?"
ನನ್ನಲ್ಲಿ ಉತ್ತರವಿರಲಿಲ್ಲ. ಹಾಗೇ ಬಿಟ್ಟೆ.

ಜಗಳ ಆದದ್ದು ಇದಕ್ಕಲ್ಲ.
ಚಾದರದೊಳಗೆ ಹೋದವರಿಗೆಲ್ಲ ಕೂಸಾಗುತ್ತಿತ್ತು, ನೂರಕ್ಕೆ ನೂರು.
ನಾನದನ್ನು ಹದಿನೇಳಕ್ಕೆ ಇಳಿಸಿದೆ.
"ಜನ ಆಟ ಬಿಟ್ಟು ಹೋಗುತ್ತಾರೆ."
"ಹೋಗುತ್ತಾರೆ."
"ಹದಿನೇಳು ಎಲ್ಲಿಂದ ತಂದೆ?"
ಕರ್ವೆ ರಸ್ತೆ, ಔಷಧದಂಗಡಿಯ ಮೇಲೆ, ಮೂರನೇ ಮಹಡಿ.
ಐದು ವರ್ಷ. ಗೋಡೆ ತುಂಬ ಬೇರೆಯವರ ಕೂಸುಗಳ ಫೋಟೋ.
ಫ್ರಿಜ್ಜಿನಲ್ಲಿ ಬೆಣ್ಣೆಡಬ್ಬಿಯ ಪಕ್ಕ ಸೂಜಿಮದ್ದು.
ಅಂದಾಜು, ಅಂದೆ.
ಪೋಂಕ್ಷೆ ಕನ್ನಡಕ ಒರೆಸಿದ. ಅರವತ್ತಕ್ಕೆ ಸೌದಾ ಮುಗಿಯಿತು,
ಮಂಡಯಿಯಲ್ಲಿ ಮೆಂತೆಪಲ್ಲೆಯ ಸಿವುಡಿಗೆ ಮುಗಿದ ಹಾಗೆ.

ಮುಠಾ ದಾಟಿ ಮನೆ ಮುಟ್ಟಿದರೆ
ಜಗದಾಳೆ ಆಜಿ ಬಾಗಿಲಲ್ಲೇ: "ಬಾಳ ರಡತಂಯ, ಬಾಳ ರಡತಂಯ."
ಅವಳ ಮರಾಠಿಯಲ್ಲಿ ಬಾಳ ಅಂದರೆ ಕೂಸು.
ನಮ್ಮ ಅಕ್ಕಲಕೋಟೆಯ ಮಾತಿನಲ್ಲಿ ಭಾಳ ಅಂದರೆ ವಿಪರೀತ.
ಎರಡೂ ಖರೆ.

ಹಾಲು ಕೊಟ್ಟೆ. ಬಟ್ಟೆ ಬದಲಿಸಿದೆ. ತೇಗಿಸಿದೆ.
ಓಮಿನ ಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ಹೊಟ್ಟೆಗೆ ಒತ್ತಿದೆ.
ಆಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
ಘಾಟಿಗೆ ನಾವಿಬ್ಬರೂ ಕೆಮ್ಮಿದೆವು. ಅವಳು ಅಳುತ್ತಲೇ ಇದ್ದಳು.

ಯಾರಿಗೂ ಹೇಳದ ಒಂದು ಮಾತು:
ದೀಪ ಆರಿಸಿ, ಅವಳನ್ನು ಹೊತ್ತು
ಕಿಟಕಿಯಿಂದ ನಲ್ಲಿಯವರೆಗೆ, ನಲ್ಲಿಯಿಂದ ಕಿಟಕಿಯವರೆಗೆ ತಿರುಗುವಾಗ
ನನ್ನ ಹೆಬ್ಬೆರಳು ಅವಳ ಬೆನ್ನ ಮೇಲೆ ಹುಡುಕುತ್ತಿತ್ತು,
ಆಟದಲ್ಲಿ ಕಾಲ ಓಡಿಸುವ ಮೂರು ಬಾಣಗಳ ಗುಂಡಿಯನ್ನು.
ಸಿಕ್ಕಿದ್ದರೆ ಒತ್ತುತ್ತಿದ್ದೆ.

ಫೋನು ಮಿನುಗಿತು. ತೌಫೀಕ್.
"ಏನೂ ಮಾಡದೆ ಎತ್ತಿಕೊಂಡು ನಿಂತೆ.
ಏಳೂ ನಲವತ್ತಕ್ಕೆ ತಾನೇ ಸುಮ್ಮನಾಯಿತು.
ಯಾಕೆಂದು ತಿಳಿಯಲಿಲ್ಲ. ಮುಚ್ಚಲೇ?"

ಒಂದು ಕೈ ಅವಳ ಹಿಂದಲೆಯ ಕೆಳಗಿತ್ತು.
ಇನ್ನೊಂದರಲ್ಲಿ, ತಪ್ಪು ತಪ್ಪು ಅಕ್ಷರ ಅಳಿಸಿ ಅಳಿಸಿ,
ಬೇಡ, ಎಂದು ಬರೆದೆ.