ಐದು ಪುಟ

ಹತ್ತಿ ಅಂಗಡಿಯ ಹಳೇ ಕ್ಯಾಲೆಂಡರಿನ ಬೆನ್ನಿಗೆ
ತೊಂಬತ್ತು ಚೌಕ ಗೀಚಿದೆ,
ವರ್ತನೆ ವಿಶ್ಲೇಷಕರ ಪರೀಕ್ಷೆಗೆ.
ದಿನಕ್ಕೆ ನಲವತ್ತು ಪುಟ. ಭಾನುವಾರ ಅಣಕು ಪರೀಕ್ಷೆ.
ಒಂಬತ್ತು ಚೌಕ ದಾಟಿದವು, ಖಾಲಿ.

ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ
ಫೋನು ಮುಟ್ಟಿದ್ದೇನೆ; ಎಣಿಸಿದ್ದೂ ನಾನೇ.
ಮಗುವಿನದಾಗಿದ್ದರೆ ಗ್ರಾಫ್ ಬರೆದು
ತಾಯಿಗೆ ಮೆಲ್ಲಗೆ ವಿವರಿಸುತ್ತಿದ್ದೆ.

ದಾವಣಗೆರೆಯ ಈ ಮಗ್ಗುಲಿಗೆ
ಸಂಜೆಯಾದರೆ ಮಂಡಕ್ಕಿ ಭಟ್ಟಿಯ ಹೊಗೆ.
ಕಿಟಕಿ ಎಳೆದುಕೊಂಡಾಗ ಅಜ್ಮತ್ ನೆನಪಾದ.
'ಬೇಕು' ಅನ್ನಲು ಅವನಿಗೆ ನಾಲ್ಕು ತಿಂಗಳು.
ಮೊದಲ ವಾರ ಬರೀ ತುಟಿ ಕೂಡಿಸಿದ;
ಅಷ್ಟಕ್ಕೇ ಒಂದು ಹಿಡಿ ಮಂಡಕ್ಕಿ ಕೊಟ್ಟಿದ್ದೆ,
ಚಪ್ಪಾಳೆ ಬೇರೆ.

ನಲವತ್ತನ್ನು ಹೊಡೆದುಹಾಕಿ
ಐದು ಅಂತ ಬರೆದೆ.
ಓದಿದೆ. ಐದೇ.
ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ
ನನಗೆ ನಾನೇ ಕೊಟ್ಟುಕೊಂಡೆ.
ಚಪ್ಪಾಳೆ ಆಗಲಿಲ್ಲ,
ಒಂದು ಕೈ ತುಂಬಿತ್ತು.