ಎಲ್ಡು ನಿಮಿಷ

ಖಜಾನೆ ಕಚೇರಿಯ ಮುಂದೆ, ಬೇವಿನ ಮರದ ಬಲಕ್ಕೆ
ನೀಲಿ ಬಳಿದ ಒಂದು ಚೌಕ.
ಅದರೊಳಗೆ ಗಾಲಿಕುರ್ಚಿಯಲ್ಲಿ ಕೂತ ಬಿಳಿ ಮನುಷ್ಯನಿಗೆ
ಬುಲೆಟ್ಟಿನ ಸ್ಟ್ಯಾಂಡು ದಿನಾ ಊರಿ ಊರಿ
ತಲೆ ಸವೆದುಹೋಗಿತ್ತು.

ನಾನು ಬರುವ ಹೊತ್ತಿಗೆ ಯಾರೋ ಒಬ್ಬರು ಇದ್ದೇ ಇರುತ್ತಿದ್ದರು.
'ಎಲ್ಡು ನಿಮಿಷ ಮೇಡಮ್, ಚಲನ್ ಕಟ್ಟಿ ಬಂದೆ.'
'ಎಲ್ಡೇ ನಿಮಿಷ, ಜೆರಾಕ್ಸು.'
ಒಬ್ಬಾತ ಏನೂ ಹೇಳದೆ
ಎರಡು ಬೆರಳೆತ್ತಿ ತೋರಿಸಿ ಹೋದ,
ಶಾಲೆಯಲ್ಲಿ ಟೀಚರನ್ನು ಕೇಳುತ್ತಿದ್ದೆವಲ್ಲ, ಹಾಗೆ.

ಹಿಂದೆ ಎರಡು ಹೆಚ್ಚುವರಿ ಗಾಲಿ ಹೊತ್ತ ನನ್ನ ಸ್ಕೂಟರು
ಏಪ್ರಿಲ್ಲಿನ ಬಿಸಿಲಲ್ಲಿ, ಗೇಟಿನ ಹೊರಗೆ,
ಕಬ್ಬಿನಹಾಲಿನ ಗಾಡಿಯ ಪಕ್ಕ ನಿಲ್ಲುತ್ತಿತ್ತು.
ಅಲ್ಲಿಂದ ಮೆಟ್ಟಿಲ ತನಕ ನೂರಾ ಹನ್ನೆರಡು ಹೆಜ್ಜೆ.
ಹೆಜ್ಜೆ ಅಂದರೆ ನನ್ನ ಲೆಕ್ಕದಲ್ಲಿ
ಊರುಗೋಲು, ಕಬ್ಬಿಣ, ಕಾಲು.
ಪಿಂಚಣಿ ಶಾಖೆಯವಳು ನಾನು,
ಒಂದು ರೂಪಾಯಿ ತಪ್ಪಿದರೂ ನಿದ್ದೆ ಹತ್ತದವಳು,
ಈ ಎಲ್ಡು ನಿಮಿಷಗಳನ್ನು
ಯಾವ ಲೆಕ್ಕಶೀರ್ಷಿಕೆಗೆ ಹಾಕಬೇಕೆಂದು ತಿಳಿಯದೆ
ಸುಮ್ಮನಿದ್ದೆ.

ಆಮೇಲೆ ಬಂದವನು ಹೊನ್ನೂರವಲಿ.
ಪಾಲಿಟೆಕ್ನಿಕ್ ಕೊನೆ ವರ್ಷ, ಪಿನ್ನು ಚುಚ್ಚಿದ ಚಪ್ಪಲಿ,
ಚೀಲದಲ್ಲಿ ಅಂಗೈಯಗಲದ ಕಪ್ಪು ಬಿಲ್ಲೆ.
'ಇದನ್ನ ನೆಲ್ದಾಗೆ ಹೂಳ್ತೀವಕ್ಕಾ.
ಮ್ಯಾಲೆ ಕಬ್ಬಿಣ ಬಂದು ನಿಂತ್ರೆ ಇದ್ಕೆ ಗೊತ್ತಾಗ್ತೈತೆ.'

ನಕ್ಕೆ.
'ತಮ್ಮಾ, ಇದು ಬಳ್ಳಾರಿ.
ಇಲ್ಲಿ ಗಾಳಿಯೂ ಕಬ್ಬಿಣ, ಒಣಗಿಸಿದ ಸೀರೆಯೂ ಕಬ್ಬಿಣ,
ನನ್ನ ಎಡಗಾಲಿಗೆ ಒಂದನೇ ಕ್ಲಾಸಿನಿಂದ ಕಬ್ಬಿಣ.
ನಿನ್ನ ಬಿಲ್ಲೆ ಯಾರನ್ನಂತ ಗುರುತು ಹಿಡಿದೀತು?'

ಸ್ಕೂಟರಿಗೊಂದು ಚೀಟಿ ಅಂಟಿಸುತ್ತೇನೆ,
ಅದು ನೆಲಕ್ಕೆ ನಿಮ್ಮ ಹೆಸರು ಹೇಳುತ್ತದೆ ಎಂದ.
ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು
ಮಂಡಿಯೂರಿ ಕೇಳಿದ:
'ಇಳಿಯಾಕೆ ನಿಮ್ಗೆ ಎಷ್ಟು ಜಾಗ ಬೇಕಕ್ಕಾ?'

ಮೂವತ್ತೆಂಟು ವರ್ಷ.
ಶೇಕಡಾ ಎಷ್ಟು ಅಂತ ಕೇಳಿದ್ದರು,
ಮದುವೆ ಆಗಿಲ್ಲವಾ ಅಂತ ಕೇಳಿದ್ದರು,
ಇದನ್ನು ಯಾರೂ ಕೇಳಿರಲಿಲ್ಲ.

ಇಳಿದು ತೋರಿಸಿದೆ.
ಮೊದಲು ಕೋಲು ಎಡಕ್ಕೆ,
ಆಮೇಲೆ ಎರಡೂ ಕೈಯಲ್ಲಿ ಕಾಲೆತ್ತಿ ಹೊರಗೆ,
ಮಂಡಿಯ ಕೀಲು ಟಕ್ ಅಂದ ಮೇಲೆ
ಸೊಂಟ ತಿರುಗಿಸಲು ಅರ್ಧ ಸುತ್ತು.
ಅವನು ಕೋಲಿನ ತುದಿಯ ಹಿಂದೆಯೇ ಗೀಟು ಎಳೆಯುತ್ತ ಬಂದ.
ಮುಗಿದಾಗ ನೋಡಿದರೆ
ಸರ್ಕಾರದ ಚೌಕಕ್ಕಿಂತ ದೊಡ್ಡದು ನಾನು ಇಳಿಯುವ ಜಾಗ,
ಒಂದು ಕಡೆ ಉಬ್ಬಿ ಸೊಟ್ಟಗಾದ ರೊಟ್ಟಿಯ ಹಾಗೆ.
ಹಾಗೇ ಬಣ್ಣ ಬಳಿಸಿದ.

ಈಗ ಕಂಬದ ಮೇಲೊಂದು ದೀಪ. ಖಾಲಿಯಿದ್ದರೆ ಹಸಿರು,
ಚೀಟಿಯಿಲ್ಲದ ಗಾಡಿ ನಿಂತರೆ ಕೆಂಪಗಾಗಿ
ಕುಕ್ಕರಿನಂತೆ ಕೂಗುತ್ತದೆ.
ಒಮ್ಮೆ ಸರಪಳಿ ಕಟ್ಟಿದ ಎಮ್ಮೆ ಬಂದು ಮಲಗಿ
ಕಚೇರಿಯೆಲ್ಲ ಹೊರಗೆ ಓಡಿಬಂತು.
ಮೊದಲ ತಿಂಗಳ ಲೆಕ್ಕ ಮೊಬೈಲಿಗೆ ಬಂದಿದೆ:
ಎಲ್ಡು ನಿಮಿಷಗಳು ಒಟ್ಟು ಅರವತ್ತಮೂರು.
ಅತಿ ಚಿಕ್ಕದು ಒಂಬತ್ತು ನಿಮಿಷದ್ದು.
ಅತಿ ದೊಡ್ಡದು, ಊಟ ನಿದ್ದೆ ಸೇರಿ,
ಮೂರು ಗಂಟೆ ಹತ್ತು ನಿಮಿಷ,
ಅದು ನಮ್ಮ ಸಾಹೇಬರ ಜೀಪು.

ಮೊನ್ನೆ ಸೋಮವಾರ
ತಿರುವಿನಲ್ಲೇ ಕಂಡಿತು, ಹಸಿರಲ್ಲ, ಕೂಗುವ ಕೆಂಪೂ ಅಲ್ಲ,
ನಾನು ನಿಂತಾಗ ಮಾತ್ರ ಹತ್ತುವ ನೀಲಿ.
ನಾನು ಇಲ್ಲಿದ್ದೇನೆ. ಅಲ್ಲಿರುವುದು ಯಾರು?

ಹಳೆಯ ಮಾರುತಿ ಕಾರು. ಬ್ರೇಕು ಕೈಗೆ ಸಿಗುವಂತೆ ಕಟ್ಟಿದ ಸರಳು.
ಗಾದಿಲಿಂಗಪ್ಪ ಅಂತ, ಸಂಡೂರಿನ ಗಣಿಯಲ್ಲಿ ಡಂಪರ್ ಓಡಿಸಿ
ಒಂದು ಕಾಲು ಅಲ್ಲೇ ಬಿಟ್ಟು ಬಂದವರು,
ನನ್ನ ಸೊಟ್ಟ ರೊಟ್ಟಿಯೊಳಗೆ ಬಾಗಿಲು ತೆರೆದು
ಬೇರೆಯದೇ ಕ್ರಮದಲ್ಲಿ ಇಳಿಯುತ್ತಿದ್ದರು,
ಮೊದಲು ಬೆನ್ನು, ಆಮೇಲೆ ಕೋಲು.
ನನ್ನನ್ನು ಕಂಡು ಗಾಬರಿಯಾಗಿ
'ಎಲ್ಡು ನಿಮಿಷ ತಾಯಿ' ಅಂದರು.

'ಎಷ್ಟಾದರೂ ಆಗಲಿ' ಅಂದೆ.
ಮತ್ತೆ ಕಬ್ಬಿನಹಾಲಿನ ಗಾಡಿಯ ಪಕ್ಕ ನಿಲ್ಲಿಸಿ
ನೂರಾ ಹನ್ನೆರಡು ಎಣಿಸುತ್ತ ನಡೆದೆ.
ಜಾಗ ತುಂಬಿದ್ದಕ್ಕೆ ಸಿಟ್ಟು ಬರದ ಮೊದಲ ದಿನ.

ತೊಂಬತ್ತನೇ ಹೆಜ್ಜೆಯಲ್ಲಿ ಬಂತು.
ಒಂದೇ ಯಾಕೆ?
ಅಲ್ಲೇ ಕೋಲಿಗೆ ಒರಗಿ ಫೋನು ಮಾಡಿದೆ: ತಮ್ಮಾ,
ಸೀಮೆಸುಣ್ಣ ಮಿಕ್ಕಿದೆಯಾ?