ಅಮಾಸಿ ದಿನ ಚಂದ್ರನ ಮ್ಯಾಲ

ಸಾಲಿಯಿಂದ ಮೊದಲ ಸಲ ಕರಕೊಂಡು ಹೋದಾಗ
ಸುಗಲಾ ಟೀಚರ್ ಬಾಯಾಗ ಸೀಟಿ,
ನಮ್ಮ ಅಂಗೈಯಾಗ ಒಬ್ಬರದೊಬ್ಬರ ಬೆವರು.
ಹೊರಗ ಕಲಬುರಗಿ ಬಿಸಲು, ಡಾಂಬರಿಗೆ ಚಪ್ಪಲಿ ಅಂಟತಿತ್ತು.
ವಿಜ್ಞಾನ ಕೇಂದ್ರದ ಬಾಗಿಲ ದಾಟಿದರ
ತಂಪು ಕತ್ತಲಿ, ಎಣ್ಣಿ ವಾಸನಿ, ಗುಂಯ್ ಅನ್ನೋ ಮೋಟಾರು.
ಡೊಂಕು ಕನ್ನಡಿಯೊಳಗ ನಾಗವೇಣಿ ಮೂರು ಮಂದಿ ಆಗಿ
ಮೂರೂ ಮಂದಿ ಹಲ್ಲು ಕಿಸದರು.

ನನಗ ಹಿಡಿಸಿದ್ದು ಮೂಲ್ಯಾಗಿನ ತಕ್ಕಡಿ.
ತಟ್ಟಿ ಇಲ್ಲ, ಕಲ್ಲಿಲ್ಲ, ಮ್ಯಾಲ ನಿಂತರ ಸಾಕು,
ಕೆಂಪು ಅಂಕಿ ಹತ್ತತಿದ್ದವು:
ಭೂಮಿ ಮ್ಯಾಲ ಇಷ್ಟು, ಚಂದ್ರನ ಮ್ಯಾಲ ಇಷ್ಟು, ಗುರುವಿನ ಮ್ಯಾಲ ಇಷ್ಟು.
ನಾನು ಇಪ್ಪತ್ನಾಕು. ಚಂದ್ರನ ಮ್ಯಾಲ ನಾಕು.
ನಾಕು ಕಿಲೋ ಅಂದರ
ಅವ್ವ ಸಂತಿಯಿಂದ ಒಂದ ಕೈಲೆ ತರೋ ಉಳ್ಳಾಗಡ್ಡಿ.

ರಾತ್ರಿ ಅಪ್ಪಗ ಹೇಳಿದೆ.
ಅಪ್ಪ ಗಂಜ್‌ನ್ಯಾಗ ಹಮಾಲ.
ರೊಟ್ಟಿ ಮುರಿಯೂದು ಬಿಟ್ಟು ಕೇಳಿದ:
‘ಅಲ್ಲಿ ತೊಗರಿ ಚೀಲ ಎಷ್ಟು ಭಾರ?’
ಬೆರಳು ಮಡಚಿ, ಬಿಚ್ಚಿ, ಮತ್ತ ಮಡಚಿ
‘ಕ್ವಿಂಟಲಿಗೆ ಹದಿನಾರೂವರಿ, ಮ್ಯಾಲ ಚೂರು’ ಅಂದೆ.
ಅಪ್ಪ ಒಂದು ಗಳಿಗಿ ಮಾಡು ನೋಡಿದ.
ಒಲಿ ಮುಂದಿಂದ ಅವ್ವ, ತಿರುಗಿ ಸೈತ ನೋಡಲಾರದ:
‘ಹಮಾಲಿನೂ ಆರರಾಗ ಒಂದು ಪಾಲ ಕೊಡ್ತಾರ. ಸುಮ್ನ ಉಣ್ಣು.’

ಅಮಾಸಿಗೆ ಗಂಜ್ ಬಂದ್.
ಅಪ್ಪ, ಅಪ್ಪನ ಜೋಡಿ ಚೀಲ ಹೊರೋ ಲಾಡ್ಲೇಸಾಬ,
ಇಬ್ಬರೂ ನೀಲಿ ಹಾಕಿದ ಅಂಗಿ ತೊಟ್ಟು ಬಂದರು.
ಎಷ್ಟು ತಿಕ್ಕಿದರೂ ಹೋಗಲಾರದ ತೊಗರಿ ಧೂಳು
ಕಿವಿ ಸಂದ್ಯಾಗ ಹಂಗೇ ಇತ್ತು.
‘ಆಕಾಶದಾಗ ಚಂದ್ರ ಇಲ್ಲದ ದಿನ
ನಾವು ಚಂದ್ರಗ ಹೊಂಟೀವಿ’ ಅಂತ ಲಾಡ್ಲೇಸಾಬ
ಟಿಕೀಟು ಕೊಡಾಕಿಗೂ ಹೇಳಿದ.
ಆಕಿ ಚಿಲ್ಲರೆ ಕೊಡ್ರಿ ಅಂದಳು.

ತಕ್ಕಡಿ ಮುಂದ ಅಪ್ಪ ಚಪ್ಪಲಿ ಬಿಟ್ಟ.
ಬಿಡಬ್ಯಾಡ ಅಂದರೂ ಬಿಟ್ಟ.
ಉಸಿರು ಹಿಡದು ನಿಂತ.
ಐವತ್ನಾಕು.
ಚಂದ್ರನ ಮ್ಯಾಲ ಒಂಬತ್ತು.
‘ಅಲೆಲೆ, ನಿನ್ನ ಒಂದ ಬಗಲಾಗ ಹಾಕ್ಕೊಂಡು ಹೋಗ್ತೀನಿ!’
ಲಾಡ್ಲೇಸಾಬ ಕುಣದೇ ಬಿಟ್ಟ, ಕಾವಲಗಾರ ಕೆಮ್ಮಿದ.
ಗುರುವಿನ ಮ್ಯಾಲ ನೂರಾ ಮೂವತ್ತಾರು.
ಅಪ್ಪ ಆ ಅಂಕಿಯನ್ನ ಭಾಳ ಹೊತ್ತು ನೋಡಿದ,
ಸೇಠನ ಲೆಕ್ಕದ ಚೀಟಿ ನೋಡಿದಂಗ.
‘ಬೆನ್ನ ಮ್ಯಾಲ ಚೀಲ ಇದ್ದರ ನಂದು ನೂರಾ ಐವತ್ನಾಕು.
ಇದು ಕಡಿಮಿನೇ ಆತಲ್ಲೋ ಲಾಡ್ಲ್ಯಾ.
ಅಂದರ ನಾವು ದಿನಾ
ಗುರುವಿನ ಆಚಿ ಕಡಿ ಹೋಗಿ ಬರ್ತೀವಿ.’

ಆಮ್ಯಾಲ ಪಿಸುಮಾತಿನ ಬುಟ್ಟಿ.
ಈ ಗ್ವಾಡಿಗೊಂದು, ಆ ಗ್ವಾಡಿಗೊಂದು, ಎಮ್ಮಿ ಮಲಗೋವಷ್ಟು ಅಗಲ.
ಅದರಾಗ ಮುಖ ಇಟ್ಟು ಲಾಡ್ಲೇಸಾಬ ಏನೋ ಅಂದ.
ಇಡೀ ಹಾಲ್ ದಾಟಿ
ಅದು ಅಪ್ಪನ ಕಿವಿಗೆ ಮಾತ್ರ ಬಂತು.
ಅಪ್ಪ ನಕ್ಕ, ಕೂತು ನಕ್ಕ, ಟವಲಿಲೆ ಕಣ್ಣು ಒರಸಿಕೊಂಡ.
ಮನಿಯಾಗ ಅಪ್ಪ ಹಂಗ ನಕ್ಕಿದ್ದು ನಾ ಕಂಡಿದ್ದಿಲ್ಲ.
‘ಏನಂದ?’
‘ಏನಿಲ್ಲ, ನಡಿ.’

ಈಗ ಹುಮನಾಬಾದ್ ರೋಡಿನ ಕಾಟಾದಾಗ ನನ್ನ ನೌಕರಿ.
ಲಾರಿ ಹತ್ತತದ, ಲಾರಿ ಇಳೀತದ,
ತುಂಬಿದ್ದರಾಗ ಖಾಲಿ ಕಳದು ಚೀಟಿ ಹರದು ಕೊಡ್ತೀನಿ.
ಒಮ್ಮೆ ಅಪ್ಪನ್ನ ಅದರ ಮ್ಯಾಲ ನಿಲ್ಲಿಸಿದ್ದೆ.
ಹತ್ತು ಕಿಲೋಕ್ಕಿಂತ ಸಣ್ಣದು ಅದಕ್ಕ ತಿಳಿಯಂಗಿಲ್ಲ;
ಐವತ್ತು ಅಂತು, ಹೊಳ್ಳಿ ನಲವತ್ತು ಅಂತು,
ಅಪ್ಪ ಅಲುಗಾಡಿದ್ದಿಲ್ಲ.

ಲಾಡ್ಲೇಸಾಬ ಹೋಗಿ ನಾಕು ವರ್ಷ.
ಅವತ್ತು ಬುಟ್ಟಿಯೊಳಗ ಏನಂದಿದ್ದ, ಹೇಳು ಅಂದರ
ಅಪ್ಪ ಕೇಳಲಾರದ ಕಿವಿ
ನನ್ನ ಕಡಿ ತಿರುಗಿಸ್ತಾನ.